ಬೆಲ್ಲದ ನೀರು ಹರಿಯುವ ರಕ್ತನಾಳ: ಇಲ್ಲಿಯವರೆಗೆ ಆದದ್ದು

ಮೊದಲ ಭಾನುವಾರ

ಅಕ್ಕನ ಮಗಳ ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ. ಅವಳು ಕೇಳಿದ್ದು ಥರ್ಮೋಕೋಲ್ ಮೇಲೆ ಕೆಂಪು, ನೀಲಿ ಗೆರೆ ಎಳೆದ ಚಾರ್ಟು. ಮಂಡ್ಯದಲ್ಲಿ ಇಪ್ಪತ್ತು ವರ್ಷದಿಂದ ಪಂಪ್‌ಸೆಟ್ ರಿಪೇರಿ ಮಾಡೋ ಸೋದರಮಾವ ನಾನು. ಹರಿಯದೇ ಇರೋ ಮಾಡೆಲ್ಲು ನನ್ನಿಂದ ಆಗಲ್ಲ ಅಂದುಬಿಟ್ಟೆ. ನನ್ನ ಲೆಕ್ಕ ಸುಲಭವಾಗಿತ್ತು: ಹೃದಯ ಅಂದ್ರೆ ಪಂಪು, ನಾಳ ಅಂದ್ರೆ ಪೈಪು. ಪಂಪು, ಪೈಪು ಎರಡೂ ಮನೆಯಲ್ಲೇ ಬಿದ್ದಿವೆ.

ಮೊದಲ ತೊಡಕು ಮಾತಿನದು. ನಮ್ಮ ಕಡೆ ಎಲ್ಲವೂ ‘ನರ’. ಅಮ್ಮನ ಕಾಲಲ್ಲಿ ಉಬ್ಬಿರೋದೂ ನರ, ಸೊಂಟದಲ್ಲಿ ಹಿಡ್ಕೊಂಡಿರೋದೂ ನರ. ಪಾಠಪುಸ್ತಕದಲ್ಲಿ ಅಪಧಮನಿ, ಅಭಿಧಮನಿ, ಇವೆರಡರ ನಡುವಿನ ಅತಿ ಸಣ್ಣ ಲೋಮನಾಳ. ಹುಡುಗಿ ಮೊದಲೆರಡನ್ನು ದಿನಕ್ಕೆ ನಾಲ್ಕು ಸಲ ಅದಲುಬದಲು ಮಾಡುತ್ತಾಳೆ. ಹೃದಯದಿಂದ ಹೊರಗೆ ಹೋಗೋದು ಅಪಧಮನಿ, ವಾಪಸ್ ಬರೋದು ಅಭಿಧಮನಿ ಅಂತ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಒಳ್ಳೆ ರಕ್ತ, ಕೆಟ್ಟ ರಕ್ತ ಅಂತ ಕಲಿತರೆ ಶ್ವಾಸಕೋಶದ ಹತ್ತಿರ ಎಡವುತ್ತೀವಿ. ಅಲ್ಲಿಗೆ ಹೋಗೋ ಅಪಧಮನಿಯಲ್ಲಿ ಆಮ್ಲಜನಕ ಕಮ್ಮಿ ಇರೋ ರಕ್ತವೇ ಇರೋದು.

ಎರಡನೇ ಭಾನುವಾರ

ಪಿವಿಸಿ ಪೈಪಿನ ಮಾಡೆಲ್ಲು ಫೇಲು. ಹೃದಯದ ಬದಲು ಕೈಯಲ್ಲಿ ಹಿಸುಕೋ ಸೀಮೆಎಣ್ಣೆ ಪಂಪು ಹಾಕಿದ್ದೆ. ಹಿಸುಕಿದರೆ ನೀರು ಚಿಮ್ಮುತ್ತೆ, ಬಿಟ್ಟರೆ ಪೂರ್ತಿ ನಿಲ್ಲುತ್ತೆ. ಹೃದಯವೂ ಹಿಸುಕಿ ಬಿಡುತ್ತೆ, ಆದರೆ ರಕ್ತ ಹಾಗೆ ನಿಂತು ನಿಂತು ಹೋಗಲ್ವಲ್ಲ.

ಸಂಜೆ ಪಂಪಿನ ಬಾಯಿಗೆ ಒಂದು ಮೊಳ ಸೈಕಲ್ ಟ್ಯೂಬು ಸಿಕ್ಕಿಸಿ, ಅದರ ತುದಿಗೆ ಸಣ್ಣ ನಳಿಕೆ ಕಟ್ಟಿದೆ. ಹಿಸುಕಿದಾಗ ಟ್ಯೂಬು ಉಬ್ಬಿತು. ಕೈ ಬಿಟ್ಟಾಗ ಅದೇ ಮೆಲ್ಲಗೆ ಕುಗ್ಗುತ್ತಾ ನೀರು ತಳ್ಳಿತು. ಧಾರೆ ಕಡಿಯಲೇ ಇಲ್ಲ! ಬಿ.ಪಿ. 120/80 ಅಂತಾರಲ್ಲ, ಆ ಕೆಳಗಿನ 80 ನನಗೆ ಅರ್ಥವಾದದ್ದು ಇಲ್ಲಿ. ಹೃದಯ ಸಡಿಲ ಬಿಟ್ಟಾಗಲೂ ಒತ್ತಡ ಸೊನ್ನೆಗಿಳಿಯದ ಹಾಗೆ ಮಹಾಪಧಮನಿಯ, ಅಂದರೆ ಹೃದಯದಿಂದ ಹೊರಡೋ ದೊಡ್ಡ ಅಪಧಮನಿಯ, ಗೋಡೆ ನೋಡಿಕೊಳ್ಳುತ್ತೆ. ಸುಮಾರು 2.5 ಸೆಂ.ಮೀ. ಅಗಲದ ಆ ನಾಳದಲ್ಲಿ ಮೂರು ಪದರ: ಒಳಗೆ ಒಂದೇ ಒಂದು ಜೀವಕೋಶದಷ್ಟು ತೆಳು ಅಸ್ತರಿ, ನಡುವೆ ಸ್ನಾಯು ಮತ್ತು ಹಿಗ್ಗುವ ಎಳೆಗಳು, ಹೊರಗೆ ಗಟ್ಟಿ ಹೊದಿಕೆ. ವಯಸ್ಸಾದಂತೆ ನಡುವಿನದು ಬಿರುಸಾಗುತ್ತೆ, ಅಂದರೆ ನನ್ನ ಪಿವಿಸಿ ಪೈಪಿನ ಕಡೆ ವಾಲುತ್ತೆ. ಬಿ.ಪಿ.ಯ ಮೇಲಿನ ಅಂಕಿ ಏರುತ್ತೆ.

ಮೂರನೇ ವಾರ, ಬೆಲ್ಲದ ವಾರ

ನಾಳದ ಅಗಲ ಅರ್ಧವಾದರೆ ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತೆ ಅನ್ನೋದು ಫ್ರಾನ್ಸಿನ ವೈದ್ಯ ಪ್ವಾಜೇಯಿಯ ನಿಯಮ. ನಂಬಿಕೆ ಬರಲಿಲ್ಲ. 8 ಮಿ.ಮೀ., 4 ಮಿ.ಮೀ. ಟ್ಯೂಬಿನಲ್ಲಿ ನಲ್ಲಿ ನೀರು ಬಿಟ್ಟು ಅಳೆದೆ. ಆರು ಪಟ್ಟು ವ್ಯತ್ಯಾಸ ಅಷ್ಟೇ. ನಿಯಮ ಸುಳ್ಳು ಅಂತ ಎರಡು ದಿನ ಬೀಗಿದೆ. ಆಮೇಲೆ ಹೊಳೆಯಿತು: ನನ್ನ ನೀರು ಸುಳಿ ಎದ್ದು ಓಡ್ತಿದೆ, ಆ ನಿಯಮ ಸುಳಿಯಿಲ್ಲದ ನಿಧಾನ ಹರಿವಿಗೆ. ರಕ್ತ ನೀರಿಗಿಂತ ಮೂರು ನಾಲ್ಕು ಪಟ್ಟು ಮಂದ.

ಮಂಡ್ಯದಲ್ಲಿ ಮಂದ ದ್ರವಕ್ಕೆ ಬರವೇ? ಅಚ್ಚುಬೆಲ್ಲ ಕರಗಿಸಿ, ಸೋಸಿ, ತೊಟ್ಟಿಯನ್ನು ಒಂದು ಗೇಣಿನಷ್ಟು ಮಾತ್ರ ಎತ್ತರಿಸಿ, ಒಂದೊಂದು ಮೀಟರ್ ಉದ್ದದ 4 ಮತ್ತು 2 ಮಿ.ಮೀ. ಟ್ಯೂಬುಗಳಲ್ಲಿ ಬಿಟ್ಟೆ. 100 ಮಿ.ಲೀ. ತುಂಬಲು ದಪ್ಪದರಲ್ಲಿ 33 ಸೆಕೆಂಡು, ಸಣ್ಣದರಲ್ಲಿ 8 ನಿಮಿಷ 20 ಸೆಕೆಂಡು. ಹದಿನೈದು ಪಟ್ಟು. ಪ್ವಾಜೇಯಿಗೆ ಮನಸ್ಸಲ್ಲೇ ಕೈಮುಗಿದೆ. ಇರುವೆ ಕಾಟ ಮಾತ್ರ ಇನ್ನೂ ಮುಗಿದಿಲ್ಲ.

ಬ್ಲಾಕು ತೋರಿಸಲು ಟ್ಯೂಬಿನೊಳಗೆ ಎಂಸೀಲ್ ಮೆತ್ತಿದ್ದನ್ನು ಕಿತ್ತೆಸೆದೆ. ಪೈಪಿಗೆ ತುಕ್ಕು ಹಿಡಿದ ಹಾಗೆ ಕೊಬ್ಬು ಕೂರುತ್ತೆ ಅಂತ ನಾನೇ ಎಲ್ಲರಿಗೂ ಹೇಳ್ತಿದ್ದೆ, ಅದು ತಪ್ಪು. ಕೊಬ್ಬು ಸೇರೋದು ಒಳ ಅಸ್ತರಿಯ ಮೇಲಲ್ಲ, ಅದರ ಅಡಿಗೆ, ಗೋಡೆಯೊಳಕ್ಕೆ. ಅದನ್ನು ತಿನ್ನಲು ಬಿಳಿ ರಕ್ತಕಣ ಬರುತ್ತವೆ, ತಿಂದು ಅಲ್ಲೇ ಸಿಕ್ಕಿಕೊಳ್ಳುತ್ತವೆ, ಮೇಲೊಂದು ಮುಚ್ಚಳ ಬೆಳೆಯುತ್ತೆ. ಆ ಮುಚ್ಚಳ ಬಿರಿದ ದಿನ ಅಲ್ಲಿ ರಕ್ತ ಹೆಪ್ಪುಗಟ್ಟಿ, ಅರ್ಧವೂ ಮುಚ್ಚಿರದ ನಾಳ ನಿಮಿಷಗಳಲ್ಲಿ ಪೂರ್ತಿ ಬಂದ್ ಆಗಬಹುದು. ಹೃದಯದಲ್ಲಾದರೆ ಹೃದಯಾಘಾತ, ಮೆದುಳಲ್ಲಾದರೆ ಪಾರ್ಶ್ವವಾಯು. ಇದನ್ನು ಟ್ಯೂಬಿನಲ್ಲಿ ತೋರಿಸೋದು ನನ್ನ ಕೈಲಾಗಲಿಲ್ಲ; ಹುಡುಗಿ ಚಿತ್ರ ಬರೆಯುತ್ತಾಳೆ.

ಅದೇ ವಾರ, ನಾಲೆ ಏರಿ ಮೇಲೆ

ಕವಲುಗಳನ್ನು ಹೇಗೆ ತೋರಿಸೋದು ಅಂತ ತಲೆ ಕೆಡಿಸಿಕೊಂಡು ವಿಶ್ವೇಶ್ವರಯ್ಯ ನಾಲೆ ಏರಿ ಮೇಲೆ ಕೂತಿದ್ದಾಗ ಉತ್ತರ ಎದುರಿಗೇ ಹರೀತಿತ್ತು. ಕನ್ನಂಬಾಡಿಯಿಂದ ನಾಲೆ, ನಾಲೆಯಿಂದ ಸೀಳುನಾಲೆ, ತೂಬು, ಗದ್ದೆ. ನಾಲೆಯಲ್ಲಿ ಓಡೋ ನೀರು ಗದ್ದೆಗೆ ಹರಡಿದ ಮೇಲೆ ನಿಂತ ಹಾಗೆ ಕಾಣುತ್ತೆ. ಮಹಾಪಧಮನಿಯಲ್ಲಿ ಸೆಕೆಂಡಿಗೆ ಹತ್ತಾರು ಸೆಂ.ಮೀ. ಓಡೋ ರಕ್ತ ಲೋಮನಾಳದಲ್ಲಿ ಒಂದು ಮಿ.ಮೀ. ಕೂಡ ಸಾಗಲ್ಲ. ನಾಳ ಸಣ್ಣದಾದರೂ ಎಲ್ಲ ಸೇರಿಸಿದರೆ ಅಗಲ ಅಪಾರ. ನಿಧಾನ ಆದರೇ ತಾನೆ ಆಮ್ಲಜನಕ ಇಳಿಸೋಕೆ ಪುರುಸೊತ್ತು.

ಗದ್ದೆಗೆ ಮುಂಚಿನ ಕಿರು ಅಪಧಮನಿಗಳೇ ನೀರುಗಂಟಿಗಳು, ಅಂದರೆ ನೀರು ಬಿಡೋ ಆಳುಗಳು. ಅವುಗಳ ಗೋಡೆಯ ಸ್ನಾಯು ತೂಬು ತೆರೆಯುತ್ತೆ, ಮುಚ್ಚುತ್ತೆ: ಉಂಡಾಗ ಕರುಳಿಗೆ, ಓಡುವಾಗ ಕಾಲಿಗೆ. ಸರದಿ ಮೇಲೆ ನೀರು ಬಿಡೋ ನಮ್ಮ ಕಟ್ಟು ಪದ್ಧತಿಯೇ! ಎಲ್ಲ ತೂಬೂ ಒಟ್ಟಿಗೆ ತೆರೆದರೆ ಒತ್ತಡ ಕುಸಿದು ಮನುಷ್ಯ ಬಿದ್ದುಹೋಗ್ತಾನೆ. ಇನ್ನು ನೀರು ತಲುಪದ ನಾಲೆಯ ಕೊನೇ ಭಾಗದವರ ಗೋಳು ಮಂಡ್ಯದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದೇಹದಲ್ಲಿ ಆ ಕೊನೇ ಭಾಗ ಪಾದ. ಬೀಡಿ, ಸಿಗರೇಟು, ಸಕ್ಕರೆ ಕಾಯಿಲೆ ಸೇರಿ ಕಾಲಿನ ಅಪಧಮನಿ ಕಿರಿದಾದರೆ ನಡೆದಾಗ ಮೀನಖಂಡ ಹಿಡಿಯುತ್ತೆ, ನಿಂತರೆ ಬಿಡುತ್ತೆ, ಗಾಯ ಮಾಯಲ್ಲ.

ನಾಲ್ಕನೇ ಭಾನುವಾರ

ಅಭಿಧಮನಿಯ ಕವಾಟ, ಅಂದರೆ ರಕ್ತ ಹಿಂದಕ್ಕೆ ಹೋಗದಂತೆ ತಡೆಯೋ ಬಾಗಿಲು. ಬಲೂನು ಕತ್ತರಿಸಿ ಎರಡು ಎಸಳು ಅಂಟಿಸಿದೆ, ಒತ್ತಡಕ್ಕೆ ಕೊಡೆ ಮಗುಚಿದಂತೆ ತಿರುಗಿಕೊಂಡವು. ಡಾಕ್ಟರ್ ಗ್ಲೌಸಿನ ಬೆರಳು ಕತ್ತರಿಸಿ ತುದಿಯಲ್ಲಿ ಸೀಳು ಬಿಟ್ಟು ಸಿಕ್ಕಿಸಿದೆ, ಕೆಲಸ ಮಾಡಿತು. 1628ರಲ್ಲಿ ವಿಲಿಯಂ ಹಾರ್ವೆ ರಕ್ತ ಸುತ್ತುತ್ತದೆ ಅಂತ ಬರೆದಾಗ ಈ ಕವಾಟಗಳೇ ಅವನ ಗಟ್ಟಿ ಸಾಕ್ಷಿಗಳಲ್ಲೊಂದು. ಅವನ ಗುರು ಫ್ಯಾಬ್ರಿಸಿಯಸ್ ಕವಾಟ ಕಂಡಿದ್ದರೂ ರಕ್ತದ ವೇಗ ತಗ್ಗಿಸಲು ಇರೋದು ಅಂದುಕೊಂಡಿದ್ದ. ಲೋಮನಾಳ ಮಾತ್ರ ಹಾರ್ವೆಗೆ ಕಾಣಲಿಲ್ಲ. 1661ರಲ್ಲಿ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಕಂಡ.

ಅದೇ ಗ್ಲೌಸಿನ ಕವಾಟವನ್ನು ಬಾಯಿ ಹಿಗ್ಗಿಸಿ ಅಗಲದ ಟ್ಯೂಬಿಗೆ ಬಿಗಿದಾಗ ಸೀಳಿನ ತುಟಿಗಳು ಕೂಡಲಿಲ್ಲ, ನೀರು ಕೆಳಗೆ ಸೋರಿತು. ಅಮ್ಮ ಬಾಗಿಲಲ್ಲಿ ನಿಂತು ನೋಡ್ತಿದ್ದಳು. ‘ನಂದೂ ಹಿಂಗೇ ಆಗಿರದಾ?’ ಹೌದು ಅಂದೆ. ನಾಳ ಹಿಗ್ಗಿ ಕವಾಟ ಕೂಡದಿದ್ದರೆ ರಕ್ತ ಕಾಲಲ್ಲೇ ಉಳಿದು ನಾಳ ಇನ್ನಷ್ಟು ಹಿಗ್ಗುತ್ತೆ. ನಡೆದಾಗ ಮೀನಖಂಡದ ಸ್ನಾಯು ಹಿಂಡಿ ಮೇಲಕ್ಕೆ ತಳ್ಳುತ್ತೆ, ಸುಮ್ಮನೆ ನಿಂತರೆ ಅದಿಲ್ಲ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋವಾದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಬೇಕು ಅಂತಲೂ ಹೇಳಿದೆ. ಒಳಗಿನ ಅಭಿಧಮನಿಯಲ್ಲಿ ಗಟ್ಟಿದ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದು.

ನಿನ್ನೆ

ಸೈಕಲ್ ಟ್ಯೂಬಿನ ಒಂದು ಕಡೆ ಉಜ್ಜಿ ತೆಳುಮಾಡಿ ಪಂಪು ಒತ್ತಿದೆ. ಅಲ್ಲೇ ಗುಬುಟು ಎದ್ದಿತು. ಒತ್ತಡ ಅಷ್ಟೇ ಇದ್ದರೂ ಅಗಲವಾದಷ್ಟೂ ಗೋಡೆಯ ಮೇಲೆ ಎಳೆತ ಹೆಚ್ಚು, ಗುಬುಟು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತೆ. ಹೊಟ್ಟೆಯ ಮಹಾಪಧಮನಿ 3 ಸೆಂ.ಮೀ. ತಲುಪಿದರೆ ಅದಕ್ಕೆ ಅನ್ಯೂರಿಸಂ ಅನ್ನುತ್ತಾರೆ. ಇದನ್ನು ಹುಡುಗಿಗೆ ವಿವರಿಸುತ್ತಿದ್ದಾಗಲೇ ಟ್ಯೂಬು ಒಡೆದು ಗೋಡೆ, ಕ್ಯಾಲೆಂಡರು, ನನ್ನ ಅಂಗಿ ಎಲ್ಲ ಬೆಲ್ಲದ ನೀರು. ಪ್ರದರ್ಶನಕ್ಕೆ ಒಂಬತ್ತು ದಿನ ಇದೆ. ಇನ್ನೊಂದು ಹಳೇ ಟ್ಯೂಬು ಹುಡುಕಬೇಕು.