ಚಾಪ್ಲಿನ್‌ನ ಎದುರು ನಿಂತ ಎರಿಕ್ ಕ್ಯಾಂಪ್‌ಬೆಲ್

ಚಾರ್ಲಿ ಚಾಪ್ಲಿನ್ 1916 ಮತ್ತು 1917ರಲ್ಲಿ ಮ್ಯೂಚುವಲ್ ಕಂಪನಿಗಾಗಿ ಎರಡೆರಡು ರೀಲಿನ ಹನ್ನೆರಡು ಮೂಕಿಚಿತ್ರಗಳನ್ನು ಮಾಡಿದ. ಅವುಗಳಲ್ಲಿ ಹನ್ನೊಂದರಲ್ಲಿ ಅವನ ಎದುರು ನಿಂತ ದೈತ್ಯ ಒಬ್ಬನೇ, ಎರಿಕ್ ಕ್ಯಾಂಪ್‌ಬೆಲ್. ಚಾಪ್ಲಿನ್‌ನ ಹೆಸರು ಗೊತ್ತಿಲ್ಲದವರು ನಮ್ಮ ಕಲಬುರಗಿಯಲ್ಲಿಯೂ ಸಿಗಲಿಕ್ಕಿಲ್ಲ. ಆದರೆ ಕುಡುಗೋಲಿನಂತೆ ಮೇಲೆದ್ದ ಹುಬ್ಬಿನ ಆ ಖಳನ ಮುಖವನ್ನು ಗುರುತಿಸುವವರು ಅವನ ಹೆಸರನ್ನು ಹೇಳಲಾರರು. ಆ ಚಿತ್ರಗಳು ನೂರು ವರ್ಷ ದಾಟಿದ ಮೇಲೂ ನಗಿಸುತ್ತಿರುವುದರಲ್ಲಿ ಕ್ಯಾಂಪ್‌ಬೆಲ್‌ನ ಪಾಲು ನಾವು ಒಪ್ಪಿಕೊಂಡಿರುವುದಕ್ಕಿಂತ ಬಹಳ ದೊಡ್ಡದೆಂಬುದು ನನ್ನ ಅಭಿಪ್ರಾಯ.

ಕ್ಯಾಂಪ್‌ಬೆಲ್ ಬ್ರಿಟನ್ನಿನ ರಂಗಭೂಮಿಯಿಂದ ಬಂದವನು. ಚಾಪ್ಲಿನ್‌ನನ್ನು ತಿದ್ದಿ ಬೆಳೆಸಿದ ಫ್ರೆಡ್ ಕಾರ್ನೊನ ಹಾಸ್ಯ ಮಂಡಳಿಯಲ್ಲಿಯೇ ಅವನೂ ದುಡಿದ. ಅನಂತರ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನ ರಂಗದ ಮೇಲೆ ನಟಿಸುತ್ತಿದ್ದಾಗ, ವರ್ಷಕ್ಕೆ 6,70,000 ಡಾಲರಿನ ಒಪ್ಪಂದಕ್ಕೆ ಆಗಷ್ಟೇ ಸಹಿ ಹಾಕಿದ್ದ ಚಾಪ್ಲಿನ್ ಅವನನ್ನು ತನ್ನ ತಂಡಕ್ಕೆ ಸೇರಿಸಿಕೊಂಡ. ಆರೂವರೆ ಅಡಿಗೆ ಹತ್ತಿರದ ಎತ್ತರ, ಸುಮಾರು 135 ಕಿಲೋ ತೂಕ. ಎದುರಿಗಿರುವ ಚಾಪ್ಲಿನ್ ಐದೂವರೆ ಅಡಿಯೂ ಇಲ್ಲ. ಅಷ್ಟು ಸಾಲದೆಂಬಂತೆ ಕಣ್ಣಿನ ಸುತ್ತ ಕಪ್ಪು ಬಳಿದು, ಹುಬ್ಬುಗಳನ್ನು ಹಣೆಯವರೆಗೆ ಎಳೆದು, ಹಲವು ಪಾತ್ರಗಳಿಗೆ ಪೊದೆಯಂಥ ಗಡ್ಡವನ್ನೂ ಅಂಟಿಸುತ್ತಿದ್ದರು.

ಬರಿಯ ಗಾತ್ರವೇ ಅವನ ಬಂಡವಾಳವಾಗಿದ್ದರೆ ಈ ಬರಹದ ಅಗತ್ಯವಿರಲಿಲ್ಲ. 1917ರ 'ದಿ ಇಮಿಗ್ರಂಟ್' ಚಿತ್ರದ ಹೋಟೆಲಿನ ದೃಶ್ಯವನ್ನು ನೋಡಬೇಕು. ಬಿಲ್ಲಿಗೆ ಹತ್ತು ಸೆಂಟು ಕಡಿಮೆ ಕೊಟ್ಟ ಗಿರಾಕಿಯೊಬ್ಬನನ್ನು ಮಾಣಿಗಳೆಲ್ಲ ಸೇರಿ ಥಳಿಸಿ ಹೊರಗೆ ತಳ್ಳುತ್ತಾರೆ. ಅವರಲ್ಲಿ ಮುಖ್ಯನಾದ ಕ್ಯಾಂಪ್‌ಬೆಲ್, ಏನೂ ಆಗಿಲ್ಲವೆಂಬಂತೆ ಬಂದು ಚಾಪ್ಲಿನ್‌ನ ಮೇಜಿನ ಪಕ್ಕ ನಿಲ್ಲುತ್ತಾನೆ. ದಾರಿಯಲ್ಲಿ ಸಿಕ್ಕಿದ್ದ ನಾಣ್ಯ ಜೇಬಿನ ತೂತಿನಿಂದ ಜಾರಿಹೋಗಿದೆಯೆಂದು ಚಾಪ್ಲಿನ್‌ಗೆ ತಿಳಿಯುವುದು ಊಟ ನಡೆದಿರುವಾಗಲೇ. ಆಮೇಲೆ ಬೇರೊಂದು ನಾಣ್ಯ ಹೇಗೋ ಕೈಗೆ ಬಂದರೆ, ಮಾಣಿ ಅದನ್ನು ಹಲ್ಲಿನಲ್ಲಿ ಕಚ್ಚಿ ಬಗ್ಗಿಸಿ, ಖೋಟಾ ನಾಣ್ಯವೆಂದು ಮುಖದ ಮುಂದೆ ಹಿಡಿಯುತ್ತಾನೆ. ಆ ಕ್ಷಣದಲ್ಲಿ ಕ್ಯಾಂಪ್‌ಬೆಲ್ ಏನನ್ನೂ ಹೆಚ್ಚಾಗಿ ಮಾಡುವುದಿಲ್ಲ. ಸುಮ್ಮನೆ ನೋಡುತ್ತಾನೆ, ಅಷ್ಟೇ.

ಈ ಮಾಣಿಯ ಪಾತ್ರ ಮೊದಲು ಕ್ಯಾಂಪ್‌ಬೆಲ್‌ನದಾಗಿರಲಿಲ್ಲ. ಚಾಪ್ಲಿನ್ ಅದನ್ನು ಹೆನ್ರಿ ಬರ್ಗ್‌ಮನ್ ಎಂಬ ದಪ್ಪನೆಯ, ಒಳ್ಳೆಯ ಹಾಸ್ಯನಟನಿಂದ ಮಾಡಿಸಿ ಚಿತ್ರೀಕರಣವನ್ನೂ ಆರಂಭಿಸಿದ್ದ. ಕೆವಿನ್ ಬ್ರೌನ್‌ಲೋ ಮತ್ತು ಡೇವಿಡ್ ಗಿಲ್ 1983ರಲ್ಲಿ ಹೊರತಂದ ಸಾಕ್ಷ್ಯಚಿತ್ರದಲ್ಲಿ ಆ ತುಣುಕುಗಳು ಉಳಿದುಬಂದಿವೆ. ಮೇಜು, ಕುರ್ಚಿ, ಚಾಪ್ಲಿನ್ ಎಲ್ಲವೂ ಇದ್ದರೂ ದೃಶ್ಯ ಮೇಲೇಳುವುದಿಲ್ಲ, ಏಕೆಂದರೆ ಬರ್ಗ್‌ಮನ್‌ನನ್ನು ಕಂಡರೆ ಯಾರಿಗೂ ಹೆದರಿಕೆಯಾಗುವುದಿಲ್ಲ. ಚಾಪ್ಲಿನ್ ಅವನಿಗೆ ಬೇರೆ ಪಾತ್ರ ಕೊಟ್ಟು, ಕ್ಯಾಂಪ್‌ಬೆಲ್‌ನನ್ನು ಕರೆತಂದು ಮತ್ತೆ ಚಿತ್ರೀಕರಿಸಿದ. ಖಳನಟನ ಕೆಲಸ ಏನೆಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ನನಗೆ ಬೇರೆಲ್ಲಿಯೂ ಸಿಕ್ಕಿಲ್ಲ.

ಈ ದೃಶ್ಯವನ್ನು ನಮ್ಮ ಸೋದರಮಾವನಿಗೆ ತೋರಿಸಿದ್ದೆ. ಅವರು ವಯಸ್ಸಿನಲ್ಲಿ ಆಳಂದ ತಾಲ್ಲೂಕಿನ ಹಳ್ಳಿಗಳಲ್ಲಿ ದೊಡ್ಡಾಟದ ರಾಕ್ಷಸ ಪಾತ್ರಗಳನ್ನು ಹಾಕಿದವರು. ಕ್ಯಾಂಪ್‌ಬೆಲ್ ಬಂದಾಗಲೆಲ್ಲ ಮುಂದಕ್ಕೆ ಬಾಗಿ ನೋಡಿದ ಅವರು ಕೊನೆಗೆ, "ತಾ ನಗಸ್ಲಾಕ ಬಂದೀನಿ ಅಂತ ಅಂವಗ ಗೊತ್ತೇ ಇಲ್ಲ ನೋಡಪ್ಪ, ಅದಕ್ಕೇ ನಗಿ ಬರ್ತದ" ಎಂದರು. ದೊಡ್ಡಾಟ ಕಂಡವರಿಗೆ ಈ ಮಾತು ಕೂಡಲೇ ಅರ್ಥವಾಗುತ್ತದೆ. ತೆರೆಯ ಹಿಂದಿನಿಂದಲೇ ಅಬ್ಬರಿಸುತ್ತ ಬರುವ ರಾಕ್ಷಸನನ್ನು, ಆಟ ನಡೆಸಿಕೊಡುವ ಸಾರಥಿ 'ಯಾರು, ಏನು, ಎಲ್ಲಿಯವನು' ಎಂದು ಕೆಣಕುತ್ತಾನೆ. ಜನ ನಗುವುದು ಸಾರಥಿಯ ಮಾತಿಗೆ, ಆದರೆ ರಾಕ್ಷಸ ತಾನೂ ಒಂದು ಸಲ ಹಲ್ಲು ಕಿರಿದನೆಂದರೆ ಇಡೀ ಆಟ ಅಲ್ಲಿಗೇ ಸಪ್ಪೆಯಾಗುತ್ತದೆ. ಕ್ಯಾಂಪ್‌ಬೆಲ್ ಹನ್ನೊಂದು ಚಿತ್ರಗಳಲ್ಲಿ ಎಲ್ಲಿಯೂ ಆ ತಪ್ಪು ಮಾಡಲಿಲ್ಲ.

ಅವನ ಅತ್ಯುತ್ತಮ ಪಾತ್ರ 1917ರ ಜನವರಿಯಲ್ಲಿ ಬಿಡುಗಡೆಯಾದ 'ಈಜಿ ಸ್ಟ್ರೀಟ್' ಚಿತ್ರದ ಗೂಂಡಾ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಪೊಲೀಸರ ದಂಡನ್ನೇ ಹೊಡೆದೋಡಿಸಿದ ಅವನ ಬೀದಿಗೆ ಹೊಸ ಪೇದೆಯಾಗಿ ಚಾಪ್ಲಿನ್ ಬರುತ್ತಾನೆ. ಲಾಠಿಯಿಂದ ತಲೆಗೆ ಹೊಡೆದರೆ ಗೂಂಡಾ ಕದಲುವುದಿಲ್ಲ. ಇನ್ನೂ ಹೊಡೆ ಎಂಬಂತೆ ತಲೆಯನ್ನೇ ಮುಂದೆ ಚಾಚುತ್ತಾನೆ. ತನ್ನ ಬಲವನ್ನು ತೋರಿಸಲು ಬೀದಿಯ ಗ್ಯಾಸ್ ದೀಪದ ಕಂಬವನ್ನು ಬರಿಗೈಯಿಂದ ಬಗ್ಗಿಸುತ್ತಾನೆ. ಕಂಬ ಬಾಗಿದ್ದೇ ತಡ, ಚಾಪ್ಲಿನ್ ಅವನ ಬೆನ್ನೇರಿ, ದೀಪದ ಗೂಡನ್ನು ಅವನ ತಲೆಗೆ ಸಿಕ್ಕಿಸಿ ಗ್ಯಾಸ್ ಬಿಡುತ್ತಾನೆ. ದೈತ್ಯ ಕುಸಿದ ಮೇಲೆ ವೈದ್ಯನಂತೆ ನಾಡಿ ಹಿಡಿದು ನೋಡಿ, ಸಾಲದೆಂದು ಇನ್ನೊಂದಿಷ್ಟು ಕೊಡುತ್ತಾನೆ. ಈ ದೃಶ್ಯದ ಚಿತ್ರೀಕರಣದಲ್ಲಿ ದೀಪ ಬಡಿದು ಚಾಪ್ಲಿನ್‌ನ ಮೂಗಿಗೆ ಗಾಯವಾಗಿ ಕೆಲಸ ಕೆಲವು ದಿನ ನಿಂತಿತ್ತು. ಅದೇ ಗೂಂಡಾ ಚಿತ್ರದ ಕೊನೆಯಲ್ಲಿ ಒಳ್ಳೆಯ ಬಟ್ಟೆ ತೊಟ್ಟು, ಹೆಂಡತಿಯ ಜೊತೆ ಪ್ರಾರ್ಥನೆಗೆ ಹೊರಟ ಸಭ್ಯ ಗೃಹಸ್ಥನಾಗುತ್ತಾನೆ. ಆ ನಯವನ್ನು ಕ್ಯಾಂಪ್‌ಬೆಲ್ ಎಷ್ಟು ಸಲೀಸಾಗಿ ಅಭಿನಯಿಸುತ್ತಾನೆಂದರೆ ಇವನು ಇನ್ನಷ್ಟು ಬಗೆಯ ಪಾತ್ರಗಳನ್ನು ಮಾಡಬಲ್ಲವನಾಗಿದ್ದನೆಂಬುದು ಅಲ್ಲಿ ಕಾಣುತ್ತದೆ.

ಎಲ್ಲ ಪಾತ್ರಗಳೂ ಈ ಮಟ್ಟದವಲ್ಲ. 'ದಿ ವ್ಯಾಗಬಾಂಡ್' ಚಿತ್ರದಲ್ಲಿ ಅವನು ಮಾಡಿದ ಅಲೆಮಾರಿ ತಂಡದ ಮುಖಂಡ ಚಾವಟಿ ಬೀಸುವುದಕ್ಕಷ್ಟೇ ಇದ್ದಾನೆ. 'ದಿ ಕ್ಯೂರ್' ಚಿತ್ರದ ವಾತರೋಗಿ, ಬ್ಯಾಂಡೇಜು ಸುತ್ತಿದ ಕಾಲನ್ನು ಎಲ್ಲಿ ಚಾಚಿದರೂ ಪೆಟ್ಟು ತಿನ್ನುತ್ತ, ಖಳನಿಗಿಂತ ಹೆಚ್ಚಾಗಿ ಬಲಿಪಶುವಾಗಿಯೇ ಕಾಣುತ್ತಾನೆ. 1917ರ ಅಕ್ಟೋಬರಿನಲ್ಲಿ ಬಂದ 'ದಿ ಅಡ್ವೆಂಚರರ್' ಮಾತ್ರ ಮತ್ತೆ ಮೇಲ್ಮಟ್ಟದ್ದು: ಜೈಲಿನಿಂದ ತಪ್ಪಿಸಿಕೊಂಡ ಚಾಪ್ಲಿನ್, ಪತ್ರಿಕೆಯಲ್ಲಿ ಅಚ್ಚಾದ ತನ್ನ ಭಾವಚಿತ್ರಕ್ಕೆ ಪೆನ್ಸಿಲ್ಲಿನಿಂದ ಗಡ್ಡ ಬರೆದು ಅದನ್ನು ಕ್ಯಾಂಪ್‌ಬೆಲ್‌ನ ಚಿತ್ರವಾಗಿಸುತ್ತಾನೆ.

ಅದೇ ವರ್ಷ ಕ್ಯಾಂಪ್‌ಬೆಲ್‌ನ ಮನೆ ಮುರಿದು ಬಿದ್ದಿತ್ತು. ಜುಲೈಯಲ್ಲಿ ಹೆಂಡತಿ ಹೃದಯಾಘಾತದಿಂದ ತೀರಿಕೊಂಡಳು. ಅದರ ಬೆನ್ನಿಗೇ ಮಗಳು ಕಾರು ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡಳು. ಅವಸರದಲ್ಲಿ ಮಾಡಿಕೊಂಡ ಎರಡನೆಯ ಮದುವೆ ಕೆಲವೇ ವಾರಗಳಲ್ಲಿ ವಿಚ್ಛೇದನದ ಅರ್ಜಿಗೆ ಬಂದು ನಿಂತಿತು. ಡಿಸೆಂಬರ್ 20ರಂದು, ಪಾರ್ಟಿಯೊಂದರಿಂದ ಕುಡಿದು ಹಿಂದಿರುಗುವಾಗ ಲಾಸ್ ಏಂಜಲಿಸ್‌ನಲ್ಲಿ ಅವನ ಕಾರು ಡಿಕ್ಕಿಯಾಗಿ ಅವನು ಸತ್ತ. ವಯಸ್ಸು ಇನ್ನೂ ನಲವತ್ತಾಗಿರಲಿಲ್ಲ. ಚಿತಾಭಸ್ಮವನ್ನು ಕೇಳಿಕೊಂಡು ಯಾರೂ ಬರಲಿಲ್ಲ, ಅದು ಮಣ್ಣು ಸೇರಿದ್ದು 1952ರಲ್ಲಿ.

ಚಾಪ್ಲಿನ್ ಅನಂತರ ಇನ್ನೂ ದೊಡ್ಡ ಚಿತ್ರಗಳನ್ನು ಮಾಡಿದ, ಆದರೆ ಈ ಜಾಗಕ್ಕೆ ಸರಿಹೊಂದುವ ಮತ್ತೊಬ್ಬನನ್ನು ಕಂಡುಕೊಳ್ಳಲಿಲ್ಲ. 'ದಿ ಗೋಲ್ಡ್ ರಶ್' ಚಿತ್ರದ ಮ್ಯಾಕ್ ಸ್ವೇನ್ ಗಾತ್ರದಲ್ಲಿ ಕ್ಯಾಂಪ್‌ಬೆಲ್‌ನಿಗೆ ಸಾಟಿಯಾದರೂ ಅವನು ಹಸಿವಿನಿಂದ ಬುದ್ಧಿ ಕೆಟ್ಟಾಗ ಮಾತ್ರ ಭಯ ಹುಟ್ಟಿಸುವ ಒಳ್ಳೆಯ ಸ್ನೇಹಿತ. 1921ರ 'ದಿ ಕಿಡ್' ಚಿತ್ರದಲ್ಲಿ ಇಟ್ಟಿಗೆ ಗೋಡೆಗೆ ಗುದ್ದುವ ಬೀದಿ ಗೂಂಡಾ ಒಬ್ಬನಿದ್ದಾನೆ, ಮೈಯಲ್ಲಿ ಮೆತ್ತೆ ತುಂಬಿಕೊಂಡವನಂತೆ ಕಾಣುತ್ತಾನೆ. ಅವನ ಜಗಳ ನೋಡಿ ನಾನು ಚೆನ್ನಾಗಿಯೇ ನಕ್ಕೆ. ಆದರೆ ಚಾಪ್ಲಿನ್ ಪಾರಾಗುತ್ತಾನೋ ಇಲ್ಲವೋ ಎಂಬ ಆತಂಕ ಒಂದು ಗಳಿಗೆಯೂ ಹುಟ್ಟಲಿಲ್ಲ.