ಕೋಟೆಯೊಳಗೇ ಹುಟ್ಟುವ ವೈರಿ

ದುರ್ಗದವರಿಗೆ ಏಳು ಸುತ್ತಿನ ಕೋಟೆ ಅಂದರೇನೆಂದು ವಿವರಿಸಬೇಕಿಲ್ಲ. ಕಣ್ಣಿಗೆ ಕಾಣದ, ಇನ್ನೂ ಕೈಗೆ ಸಿಗದ ಡಾರ್ಕ್ ಮ್ಯಾಟರ್ ಎಂಬ ದ್ರವ್ಯವನ್ನು ಹುಡುಕುವ ದ್ರವ ಕ್ಸೆನಾನಿನ ಡಿಟೆಕ್ಟರಿಗೂ, ಬೇರೆ ಕಣಗಳ ಹುಸಿ ಪೆಟ್ಟು ತಡೆಯಲು, ಸುತ್ತಿನ ಮೇಲೆ ಸುತ್ತು. ಮೊದಲನೆಯದು ಬೆಟ್ಟ. ನೆಲದ ಮೇಲಾದರೆ ಅಂಗೈಯಗಲದಲ್ಲಿ ಸೆಕೆಂಡಿಗೆ ಆಕಾಶದಿಂದ ಸುರಿಯುವ ಮ್ಯೂಯಾನ್ ಕಣಗಳು ಒಂದೆರಡು ಹಾಯುತ್ತವೆ. ಇಟಲಿಯ ಗ್ರಾನ್ ಸಾಸೊದಲ್ಲಿ 1400 ಮೀಟರ್ ಬಂಡೆಯಡಿ ಅದು ಹತ್ತು ಲಕ್ಷದಲ್ಲೊಂದು ಪಾಲಿಗೆ ಇಳಿಯುತ್ತದೆ.

ಬಂಡೆ ಮೇಲಿನದನ್ನು ತಡೆದು ತಾನೇ ಗಾಮಾ ಕಿರಣ, ನ್ಯೂಟ್ರಾನ್ ಕಣ ಉಗುಳುತ್ತದೆ. ಅದಕ್ಕೇ ಎರಡನೇ ಸುತ್ತು, ಶುದ್ಧ ನೀರಿನ ತೊಟ್ಟಿ. ನಮ್ಮ ಕಡೆಯ ಬೋರ್‌ವೆಲ್ ನೀರು ಸುರಿದರೆ ಕೆಟ್ಟಿತು: ಗ್ರಾನೈಟಿನ ಯುರೇನಿಯಂ, ರೇಡಾನ್ ಎಂಬ ವಿಕಿರಣ ಅನಿಲ ಕರಗಿಸಿಕೊಂಡೇ ಅಂಥ ನೀರು ಮೇಲೆ ಬರುವುದು. ಮೂರನೇ ಸುತ್ತು ಕ್ಸೆನಾನಿನ ಅಂಚೇ: ಹೊರಗಿನ ವಿಕಿರಣವನ್ನು ಅದೇ ತಡೆಯುತ್ತದೆ. ಅಮೆರಿಕದ ಎಲ್‌ಝಡ್ ಪ್ರಯೋಗದಲ್ಲಿ 7 ಟನ್ನಿನ ಅಂಚು ಬಿಟ್ಟು ನಡುವಿನ ಸುಮಾರು 5.5 ಟನ್ ಮಾತ್ರ ಲೆಕ್ಕಕ್ಕೆ.

ಇಷ್ಟೆಲ್ಲ ಹೊರಗಿನವರಿಗೆ. ಕಿಂಡಿಯಲ್ಲಿ ನುಸುಳುವವನಿಗೆ ಒನಕೆ ಸಾಕು. ಆದರೆ ರೇಡಾನ್-222 ಒಳಗೇ ಹುಟ್ಟುತ್ತದೆ. ಸ್ಟೀಲು, ಕೇಬಲ್ಲು, ಪಂಪುಗಳಲ್ಲಿರುವ ರೇಡಿಯಂನಿಂದ ಸೋರಿ ಎಲ್ಲೆಡೆ ಬೆರೆಯುವುದರಿಂದ ಅಂಚು ಬಿಟ್ಟೂ ಪ್ರಯೋಜನವಿಲ್ಲ. ಅದು ಬಿಡುವ ಆಲ್ಫಾ ಕಣದ ಶಕ್ತಿ ದೊಡ್ಡದು, ಸುಲಭವಾಗಿ ಗುರುತು ಸಿಗುತ್ತದೆ. ಕಾಡುವುದು ಅದು ಕ್ಷಯಿಸಿ ಹುಟ್ಟುವ ಮರಿ, ಸೀಸ-214: ಕೆಲವೊಮ್ಮೆ ಗಾಮಾ ಇಲ್ಲದೆ ಬರೀ ಬೀಟಾ ಕಣ (ಎಲೆಕ್ಟ್ರಾನ್) ಬಿಟ್ಟು, ಸಣ್ಣ ಶಕ್ತಿಯಲ್ಲಿ ಹುಸಿ ಸಿಗ್ನಲ್ ಕೊಡುತ್ತದೆ. ಪೆಟ್ಟು ಬಿದ್ದಾಗ ಕ್ಸೆನಾನಿನಲ್ಲಿ ಹೊಮ್ಮುವ ಬೆಳಕು, ವಿದ್ಯುದಾವೇಶಗಳ ಅನುಪಾತ ನೋಡಿ ಇವನ್ನು ಜರಡಿ ಹಿಡಿದರೂ ಸಾವಿರಕ್ಕೆ ಕೆಲವು ತಪ್ಪಿಸಿಕೊಳ್ಳುತ್ತವೆ.

ಹಾಗಾಗಿ ಜೋಡಿಸುವ ಮೊದಲೇ ಪರೀಕ್ಷೆ. ಭಾಗವನ್ನು ಗಾಳಿಯಾಡದ ಪಾತ್ರೆಯಲ್ಲಿ ಎರಡು ವಾರ ಇಟ್ಟರೆ, ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ) 3.8 ದಿನವಾದ್ದರಿಂದ, ರೇಡಾನ್ ಗರಿಷ್ಠ ಮಟ್ಟದ ಶೇ 90 ದಾಟಿರುತ್ತದೆ. ಆಗ ಅಳೆಯಬೇಕು.

ಹೆಚ್ಚು ಎಡವುವುದು ಡಿಟೆಕ್ಟರಿನ ಒಳಗೋಡೆಯ ಟೆಫ್ಲಾನಿನಲ್ಲಿ. ಉಜ್ಜಿದರೆ ಸ್ಥಿರ ವಿದ್ಯುತ್ ತುಂಬಿಕೊಂಡು ಗಾಳಿಯಲ್ಲಿರುವ ರೇಡಾನಿನ ಮರಿಗಳನ್ನು ಎಳೆದುಕೊಳ್ಳುತ್ತದೆ. ಹಾಗೆ ಕೂತ ಸೀಸ-210ರ ಅರ್ಧಾಯುಷ್ಯ 22 ವರ್ಷ. ಪ್ರಯೋಗ ಮುಗಿದರೂ ಅದು ಮುಗಿಯದು. ಅದರಿಂದ ಹುಟ್ಟುವ ಪೊಲೋನಿಯಂ-210ರ ಆಲ್ಫಾ ಟೆಫ್ಲಾನಿನ ಫ್ಲೋರಿನ್‌ಗೆ ಬಡಿದು ನ್ಯೂಟ್ರಾನ್ ಎಬ್ಬಿಸುತ್ತದೆ. ನ್ಯೂಟ್ರಾನಿನ ಪೆಟ್ಟು ಥೇಟ್ ಡಾರ್ಕ್ ಮ್ಯಾಟರಿನದೇ, ಜರಡಿಗೆ ಸಿಗುವುದಿಲ್ಲ. ಜೋಡಣೆ ಕೋಣೆಯ ಗಾಳಿಯನ್ನು ಇದ್ದಿಲಿನ ಮೂಲಕ ಹಾಯಿಸುವುದು ಇದಕ್ಕೇ.

ಕೊನೆಗೆ ಕ್ಸೆನಾನನ್ನೇ ಬಟ್ಟಿ ಇಳಿಸಿ ರೇಡಾನನ್ನೂ, ಗಾಳಿಯಿಂದ ಬೆರೆಯುವ, ವಿಕಿರಣದ ಅಂಶವಿರುವ ಕ್ರಿಪ್ಟಾನನ್ನೂ ಬೇರ್ಪಡಿಸುವುದು. ಕ್ರಿಪ್ಟಾನ್ ಮೈನಸ್ 153, ಕ್ಸೆನಾನ್ ಮೈನಸ್ 108, ರೇಡಾನ್ ಮೈನಸ್ 62 ಡಿಗ್ರಿಗೆ ಕುದಿಯುತ್ತವೆ. ಕ್ರಿಪ್ಟಾನ್ ಮೇಲೇರುತ್ತದೆ, ಎಲ್ಲೂ ಗಾಳಿ ಒಳಸೋರದಿದ್ದರೆ ಒಮ್ಮೆ ತೆಗೆದರಾಯಿತು. ರೇಡಾನ್ ತಳದಲ್ಲಿ ಉಳಿದು ಅಲ್ಲೇ ಕ್ಷಯಿಸುತ್ತದೆ, ಆದರೆ ಹೊಸದು ಹುಟ್ಟುತ್ತಲೇ ಇರುವುದರಿಂದ ಯಂತ್ರ ನಿಲ್ಲಿಸುವಂತಿಲ್ಲ. ಗ್ರಾನ್ ಸಾಸೊದ ಕ್ಸೆನಾನ್-ಎನ್‌ಟಿ ಪ್ರಯೋಗದಲ್ಲಿ ರೇಡಾನ್ ಕಿಲೋಗೆ 1 ಮೈಕ್ರೋಬೆಕರೆಲ್‌ಗಿಂತ ಕೆಳಗಿಳಿದಿದೆ: ಒಂದು ಕಿಲೋದಲ್ಲಿ ಹನ್ನೊಂದು ದಿನಕ್ಕೆ ಸರಾಸರಿ ಒಂದು ಕ್ಷಯವೂ ಇಲ್ಲ. ಒಂದು ಬಾಳೆಹಣ್ಣಿನಲ್ಲಿ ಸೆಕೆಂಡಿಗೇ ಸುಮಾರು 15.