ಬಳ್ಳಾರಿಯಲ್ಲಿ ಸಿಕ್ಕ ತಾಟೆ

ಬಳ್ಳಾರಿಗೆ ಹೋಗಿದ್ದು ಗೆಳೆಯನ ತಂಗಿಯ ಮದುವೆಗೆ. ಮದುವೆ ಚೆನ್ನಾಗಿ ಆಯ್ತು, ಅದರ ಬಗ್ಗೆ ಇಷ್ಟು ಸಾಕು. ಕೋಟೆ ಗುಡ್ಡ ಹತ್ತಿದ್ದೂ ಆಯ್ತು. ಮೇಲಿಂದ ಊರು ಚೆಂದ ಕಾಣುತ್ತದೆ, ಆದರೆ ಬಿಸಿಲೇರುವ ಮೊದಲು ಇಳಿದುಬಿಡಿ.

ಮಂಗಳೂರಿನಿಂದ ಖಾಸಗಿ ಸ್ಲೀಪರ್ ಬಸ್ಸಿನಲ್ಲಿ ಬರುವವರಿಗೆ ಇನ್ನೊಂದು ಮಾತು. ಎಲ್ಲಿ ಇಳಿಸ್ತೀರಿ ಅಂತ ಹತ್ತುವಾಗಲೇ ಗಟ್ಟಿಯಾಗಿ ಕೇಳಿ. ಟಿಕೆಟ್ಟಿನಲ್ಲಿ ಬಸ್ ಸ್ಟ್ಯಾಂಡ್ ಅಂತ ಇದ್ದರೂ ನಮ್ಮನ್ನು ನಸುಕಿನಲ್ಲಿ ಬೈಪಾಸ್ ಪಕ್ಕ ಇಳಿಸಿ, 'ಇದೇ ಬಳ್ಳಾರಿ' ಅಂದು ಹೊರಟೇ ಹೋದರು. ಅಲ್ಲಿದ್ದಿದ್ದು ಲಾರಿಗಳು, ನಾಯಿಗಳು, ನಾವು. ಆಟೋದವನು ಕೇಳಿದ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಬರೆಯಬೇಕು ಅನ್ನಿಸಿದ್ದು ಮಾತ್ರ ಕೌಲ್ ಬಜಾರ್ ಕಡೆ ಸುಮ್ನೆ ಅಡ್ಡಾಡುವಾಗ ಕಂಡ ಮೀನಂಗಡಿಯ ಬಗ್ಗೆ. ತುಂಗಭದ್ರೆಯ ಕಟ್ಲಾ, ರೋಹು ಪಕ್ಕದಲ್ಲಿ ಥರ್ಮಾಕೋಲ್ ಡಬ್ಬಿ. ಒಳಗೆ ಐಸಿನ ಮೇಲೆ ಮೊಳದುದ್ದದ ತಾಟೆಗಳು! ತಾಟೆ ಅಂದರೆ ನಮ್ಮ ಕಡೆ ಸಣ್ಣ ಶಾರ್ಕ್, ಮನೆಯಲ್ಲಿ ಬಾಣಂತಿಯರಿಗೆ ಅಂತ ಹುಡುಕಿ ತರುತ್ತಿದ್ದ ಮೀನು. ನಮಗೆ ಎಲ್ಲವೂ ತಾಟೆಯೇ, ಯಾವ ಜಾತಿ ಅಂತ ಯಾರು ಕೇಳ್ತಾರೆ?

"ಸ್ಕೋಲಿಯೊಡಾನ್," ಅಂತ ಪಕ್ಕದಿಂದ ಒಂದು ದನಿ. ಚೀಲ ಹಿಡಿದ ಹಿರಿಯರೊಬ್ಬರು. "ಸ್ಕೋಲಿಯೊಡಾನ್ ಲ್ಯಾಟಿಕಾಡಸ್. ಕಾಲೇಜಿನ ಜುವಾಲಜಿ ಲ್ಯಾಬಿನಾಗ ಅಟೆಂಡರ್ ಇದ್ದೆ ನೋಡ್ರಿ. ಈ ಮೀನು ಎಷ್ಟು ಎತ್ತಿ ಕೊಟ್ಟೀನೋ ಲೆಕ್ಕ ಇಲ್ಲ."

ಹೌದಲ್ವಾ! ಕಡಲೇ ಇಲ್ಲದ ಊರುಗಳ ಬಿಎಸ್ಸಿ ಹುಡುಗರೂ ಶಾರ್ಕ್ ಕಲಿತಿದ್ದು ಇದನ್ನು ಕೊಯ್ದೇ. ಕೊಳೆಯದಂತೆ ಫಾರ್ಮಲಿನ್ ದ್ರಾವಣದಲ್ಲಿ ಮುಳುಗಿಸಿದ್ದನ್ನು ತರಿಸಿ, ತಲೆಬುರುಡೆಯ ನರ ಬಿಡಿಸುವುದು. 2014ರಲ್ಲಿ ಯುಜಿಸಿ (ವಿಶ್ವವಿದ್ಯಾಲಯಗಳ ಅನುದಾನ ಆಯೋಗ) ಇಂಥ ಕೊಯ್ಯುವಿಕೆ ನಿಲ್ಲಿಸಿ ಅಂದಮೇಲೆ ಅದೂ ಮುಗಿಯಿತು.

"ಹೆಂಗ ಗುರುತು ಹಿಡೀತೀರಿ ಸರ್?" ನಾನೂ ಅವರ ಧಾಟಿಗೇ ಇಳಿದಿದ್ದೆ.

ಅವರು ಒಂದನ್ನು ಎತ್ತಿ ಅಂಗೈ ಮೇಲೆ ಮಲಗಿಸಿದರು. ಮೂತಿ ಉದ್ದ, ಚಪ್ಪಟೆ, ಗಾರೆಯವರ ಕರಣೆಯ ಹಾಗೆ. ಮೈ ಕಂಚು ಬೆರೆತ ಬೂದು, ಹೊಟ್ಟೆ ಬಿಳಿ, ಎಲ್ಲೂ ಚುಕ್ಕೆಯಿಲ್ಲ. "ಬೆನ್ನಿನ ಮೊದಲ ರೆಕ್ಕೆ ನೋಡ್ರಿ, ಎಷ್ಟು ಹಿಂದೈತಿ. ಎದೆರೆಕ್ಕೆ ಬಿಟ್ಟು ಹೊಟ್ಟೆರೆಕ್ಕೆ ಹತ್ರ ಬಂದೈತಿ. ಇದರಂಗ ಕಾಣೋ ಮಿಲ್ಕ್ ಶಾರ್ಕಿಗೆ ಹಿಂಗಿರಲ್ಲ, ಅದರದ್ದು ಮುಂದಿರ್ತದ. ಅದರ ಬಾಯಿ ಮೂಲ್ಯಾಗ ಉದ್ದ ಗೆರೆನೂ ಇರ್ತಾವ." ಬಾಲದ ಹತ್ತಿರದ ಎರಡನೇ ರೆಕ್ಕೆ ಕಿರುಬೆರಳ ಉಗುರಿನಷ್ಟೇ. ಅದರ ಕೆಳಗಿನ ಗುದರೆಕ್ಕೆ ಅದಕ್ಕಿಂತ ಎಷ್ಟೋ ಉದ್ದ. ನನ್ನ ಬೆರಳು ಹಿಡಿದು ಬಾಲದಿಂದ ತಲೆಯ ಕಡೆ ಉಜ್ಜಿಸಿದರು. ಚರ್ಮ ತರಚುತ್ತದೆ. ತಲೆಯಿಂದ ಬಾಲಕ್ಕೆ ಉಜ್ಜಿದರೆ ನುಣುಪು.

ಇದು ಆಳ ಕಡಲಿನ ಜೀವ ಅಲ್ಲ. ದಡದ ಹತ್ತಿರದ ಕಡಿಮೆ ನೀರು, ಅಳಿವೆಯ ಆಸುಪಾಸು, ಸೀಗಡಿ ಮತ್ತು ಸಣ್ಣ ಮೀನು ಸಿಗುವ ಕಡೆ. ಗುಜರಾತ್, ಮಹಾರಾಷ್ಟ್ರದ ಕರಾವಳಿಯಲ್ಲಿ ಜಾಸ್ತಿ. ದಡದಲ್ಲೇ ಇರುವುದರಿಂದ ಬಲೆಗೂ ಸುಲಭವಾಗಿ ಬೀಳುತ್ತದೆ.

"ಹೊಟ್ಟಿ ಕೊಯ್ದಾಗ ಮರಿ ಸಿಗತಿದ್ವು," ಅಂದರು. "ಹೊಕ್ಕಳ ಬಳ್ಳಿ ಸಮೇತ. ಹುಡುಗ್ಯಾರು ಮುಂದೆ ಕೊಯ್ಯಾಕ ಒಲ್ಲೆ ಅಂತಿದ್ರು." ಈ ಮೀನಿನ ಮೊಟ್ಟೆ ಒಂದು ಮಿಲಿಮೀಟರ್ ಇದ್ದೀತು. ಅದರಲ್ಲಿ ಮರಿಗೆ ಸಾಲುವಷ್ಟು ಆಹಾರ ಎಲ್ಲಿಂದ ಬರಬೇಕು? ಹಾಗಾಗಿ ತಾಯಿಯೇ ಮಾಸಿನ ಮೂಲಕ ಉಣಿಸಿ ಬೆಳೆಸುತ್ತದೆ. ಇಷ್ಟು ವರ್ಷ ಬಾಣಂತಿಯರ ತಟ್ಟೆಯಲ್ಲಿ ಕಂಡ ಮೀನಿನ ಬಸಿರಿನ ಕತೆಯನ್ನು ನಾನು ಬಳ್ಳಾರಿಗೆ ಬಂದು ಕೇಳಬೇಕಾಯಿತು.

ಅಂಗಡಿಯವನಿಗೆ ತಾಳ್ಮೆ ಮುಗಿದಿತ್ತು. "ಅಣ್ಣಾ, ತಗೊಳ್ಳೋದಿದ್ರ ತಗೊಳ್ರಿ, ಐಸ್ ಕರಗತೈತಿ."

ತಗೊಳ್ಳುವವರು ಮೂಸಿ ನೋಡಿಯೇ ತಗೊಳ್ಳಿ. ಶಾರ್ಕಿನ ಮಾಂಸದಲ್ಲಿ ಯೂರಿಯಾ ಇರುತ್ತದೆ. ಹಳತಾದರೆ ಅದೇ ಅಮೋನಿಯಾ ಆಗಿ ಮೂಗಿಗೆ ಬಡಿಯುತ್ತದೆ, ಯಾವ ಮಸಾಲೆಗೂ ಬಗ್ಗುವುದಿಲ್ಲ. ಇದು ಪರವಾಗಿಲ್ಲ ಅನ್ನುವಂತಿತ್ತು. ಆದರೆ ಲಾಡ್ಜಿನಲ್ಲಿ ಒಲೆ ಎಲ್ಲಿಂದ ತರಲಿ?

ಹಿರಿಯರು ಒಂದು ಕಟ್ಲಾ ತೂಗಿಸಿದರು. ತಾಟೆ ಬೇಡವೇ ಅಂತ ಕೇಳಿದೆ.

"ಥೂ, ಫಾರ್ಮಲಿನ್ ವಾಸನಿ ನೆನಪಾಕ್ಕೈತ್ರಿ," ಅಂದರು. "ಬರ್ರಿ, ಒಗ್ಗರಣಿ ಮಿರ್ಚಿ ತಿನ್ನೋಣು."

ಬಳ್ಳಾರಿಯ ಒಗ್ಗರಣೆ ಮಿರ್ಚಿ ಮಾತ್ರ ಅಪ್ಪಟ. ಮದುವೆ ಊಟಕ್ಕಿಂತ ನನಗೆ ಅದೇ ರುಚಿಸಿತು. ದುಡ್ಡು ಕೊಡಲು ಅವರು ಬಿಡಲೇ ಇಲ್ಲ.